ಕಿಬಾಬಾ ತುಂಬಿಸಿದ ಶನಿವಾರ

ನನ್ನೂರು ಶಿರಸಿ. ಪಾಠ ಮಾಡುವುದು ಯಲ್ಲಾಪುರದ ಕಡೆಯ ಒಂದು ಕನ್ನಡ ಶಾಲೆಯಲ್ಲಿ. ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಹಾಗಾಗಿ ಶನಿವಾರ ಆಫ್ರಿಕಾದ ಗಾದೆ ಹೇಳಿಕೊಡುತ್ತೇನೆ. ನೀವೂ ಮಾಡುವುದಾದರೆ ನಾನು ಮಾಡುವ ಬಗೆ ಹೇಳುತ್ತೇನೆ.

ಮೊದಲು ಗಾದೆ ಯಾವ ಭಾಷೆಯದು ಅಂತ ನೋಡಿ. ಅಲ್ಲಿ 54 ದೇಶಗಳಿವೆ, ಸಾವಿರಕ್ಕೂ ಜಾಸ್ತಿ ಭಾಷೆಗಳಿವೆ. ನಮ್ಮ ಗಾದೆಯನ್ನು ಯಾರಾದರೂ 'ಏಷ್ಯಾದ ಗಾದೆ' ಅಂದರೆ ಬೇಜಾರಾಗುತ್ತದೆ, ಅಲ್ವಾ? ಭಾಷೆಯ ಹೆಸರಿಲ್ಲದೆ ಮೊಬೈಲಿಗೆ ಬಂದದ್ದನ್ನು ನಾನು ಬಿಟ್ಟುಬಿಡುತ್ತೇನೆ.

ಆಮೇಲೆ ಮೂಲದ ಮಾತನ್ನೇ ಮಕ್ಕಳ ಬಾಯಲ್ಲಿ ಹೇಳಿಸಿ. 'ಹಬಾ ನಾ ಹಬಾ ಹುಜಾಜಾ ಕಿಬಾಬಾ.' ಇದು ಟಾಂಜಾನಿಯಾ, ಕೆನ್ಯಾ ಕಡೆಯ ಸ್ವಾಹಿಲಿ. ಸ್ವಲ್ಪ ಸ್ವಲ್ಪವೇ ಸೇರಿ ಕಿಬಾಬಾ ತುಂಬುತ್ತದೆ ಅಂತ ಅರ್ಥ. ಕಿಬಾಬಾ ಅಂದರೆ ಕಾಳು ಅಳೆಯುವ ಅಳತೆ. ಮೊದಲ ಸಲ ನಾನು 'ಪಾತ್ರೆ' ಅಂದುಬಿಟ್ಟೆ. ಮಕ್ಕಳು ಸುಮ್ನೆ ಕೂತಿದ್ದರು. ಮುಂದಿನ ವಾರ ಮನೆಯಿಂದ ಸೇರು, ಭತ್ತ ತಂದೆ. ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ಸೇರು ತುಂಬುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿ ಕೂಗಿದಳು, 'ಅಕ್ಕೋರೇ, ತೆನೆ ತೆನೆ ಕೂಡಿದರೆ ಬಳ್ಳ!' ಬಳ್ಳವೂ ಕಾಳಿನ ಅಳತೆಯೇ. ಅವತ್ತು ನನಗೆ ಕಣ್ಣು ತುಂಬಿತು.

ಎಲ್ಲಾ ಗಾದೆಗೂ ಹೀಗೆ ಜೋಡಿ ಸಿಗುವುದಿಲ್ಲ. ಸಿಗದಿದ್ದರೆ ಹುಡುಕಿ ಅಂಟಿಸಬೇಡಿ. 'ನೆಂಟ ಎರಡು ದಿನ, ಮೂರನೇ ದಿನ ಗುದ್ದಲಿ ಕೊಡು' ಅಂತ ಇನ್ನೊಂದು ಸ್ವಾಹಿಲಿ ಗಾದೆ ಇದೆ. ಮಕ್ಕಳು ನಕ್ಕರು. 'ಅಡಿಕೆ ಕೊಯ್ಲಿಗೆ ಬಂದ ಮಾವ ಕೈಕಟ್ಟಿ ಕೂರುತ್ತಾರಾ?' ಅಂತ ಕೇಳಿದೆ. ಇಲ್ಲ, ಸುಲಿಯಲು ಕೂರುತ್ತಾರೆ ಅಂದರು. ಅಷ್ಟು ಸಾಕು.

ಒಂದು ಮಾತು ಮರೆಯಬೇಡಿ. ಸಿದ್ದಿ ಮಕ್ಕಳಿಗೆ 'ಇದು ನಿಮ್ಮ ಗಾದೆ' ಅನ್ನಬೇಡಿ. ಅವರ ಮನೆಮಾತು ಕೊಂಕಣಿ ಬೆರೆತದ್ದು. ಅವರ ಹಿರಿಯರ ಗಾದೆ ಅವರ ಅಜ್ಜಿಯ ಹತ್ತಿರವೇ ಇದೆ. ಘಾನಾದ ಅಕಾನ್ ಜನ, ಮರೆತದ್ದನ್ನು ಹಿಂದೆ ಹೋಗಿ ತರುವುದು ತಪ್ಪಲ್ಲ ಅನ್ನುತ್ತಾರೆ. ಅದಕ್ಕೆ ಕತ್ತು ಹಿಂದೆ ತಿರುಗಿಸಿದ ಹಕ್ಕಿಯ ಚಿತ್ರ ಬರೆಯುತ್ತಾರೆ, ಹೆಸರು ಸಂಕೋಫಾ. ಆ ಹಕ್ಕಿಯನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆಸಿ, ಅಜ್ಜಿಯ ಗಾದೆ ಕೇಳಿ ಬರೆದು ತರಲು ಮಕ್ಕಳನ್ನು ಮನೆಗೆ ಕಳಿಸಿ. ಯಾರು ಹೇಳಿದರು, ಯಾವ ಸಂದರ್ಭದಲ್ಲಿ ಹೇಳಿದರು ಅಂತಲೂ ಬರೆದು ತರಲಿ. ಅಜ್ಜಿ ಆಡಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಕೆಂಪು ಪೆನ್ನು ಹಿಡಿದು ತಿದ್ದಬೇಡಿ.