ನಾಸಿ ಲೆಮಾಕ್ ಇಡ್ಲಿ ಪಾತ್ರೆಯಲ್ಲೇ ಆಗುತ್ತದೆ: ನನ್ನ ಅನುಭವ

ನಾಸಿ ಲೆಮಾಕ್ ಅಂದರೆ ಮಲೇಷ್ಯಾದ ಕಾಯಿಹಾಲಿನ ಅನ್ನ. ಅದು ಇಡ್ಲಿ ಪಾತ್ರೆಯಲ್ಲಿ ಬೇಯುವುದಿಲ್ಲ, ಗಂಟುಗಂಟಾಗುತ್ತದೆ ಅಂತ ಕ್ವಾಲಾಲಂಪುರದ ನಮ್ಮ ಕನ್ನಡ ಬಳಗದಲ್ಲಿ ಹೇಳದವರೇ ಇರಲಿಲ್ಲ. ಕಳೆದ ರಾಜ್ಯೋತ್ಸವದ ತಿಂಡಿಗೆ ಅರವತ್ತರ ಹತ್ತಿರ ಪೊಟ್ಟಣ ಕಟ್ಟಿಕೊಂಡು ಹೋದೆ. ಭಾಷಣ ಮುಗಿಯುವ ಹೊತ್ತಿಗೆ ಬುಟ್ಟಿ ಖಾಲಿ. ಈಗ ಎಲ್ಲರೂ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಮಟ್ಟಿಗೆ ಎರಡು ಪಾವು ಅಕ್ಕಿ ಆದರೆ ರೈಸ್ ಕುಕ್ಕರೇ ಸಾಕು, ಇದನ್ನು ಓದಬೇಕಾಗಿಲ್ಲ. ತಾಪತ್ರಯ ಶುರುವಾಗುವುದು ಮೂರ್ನಾಲ್ಕು ಕೇಜಿಗೆ ಹೋದಾಗ. ದೊಡ್ಡ ಪಾತ್ರೆಯಲ್ಲಿ ಅಕ್ಕಿ, ಕಾಯಿಹಾಲು ಒಟ್ಟಿಗೆ ಕುದಿಸಿದರೆ ತಳ ಹತ್ತುತ್ತದೆ, ನಡುವೆ ಮುದ್ದೆ, ಮೇಲೆ ಅಕ್ಕಿ ಅಕ್ಕಿ. ಉರಿ ಸಣ್ಣ ಮಾಡಿದರೆ ಹಾಲು ಒಡೆದು ಎಣ್ಣೆ ಮೇಲೆ ನಿಲ್ಲುತ್ತದೆ. ತಳ ಹತ್ತಿದ ವಾಸನೆ ಇಡೀ ಪಾತ್ರೆಗೆ ಏರುತ್ತದೆ, ಘಮಕ್ಕೆ ಹಾಕುವ ಪಾಂಡನ್ ಎಲೆ ಎಷ್ಟು ಹಾಕಿದರೂ ಮುಚ್ಚುವುದಿಲ್ಲ. ಹಾಗೆ ಒಂದು ಸಲ ನಾಲ್ಕು ಕೇಜಿ ಅಕ್ಕಿಯ ಅನ್ನ ಎಸೆದಿದ್ದೇನೆ. ಹಾಲಿನ ದುಡ್ಡೇ ಐವತ್ತು ರಿಂಗಿಟ್ ಮೇಲೆ ಹೋಯಿತು.

ಆಮೇಲೆ ಡಬ್ಬಿ ಹಾಲು ನೋಡಿದೆ. ಒಡೆಯುವುದಿಲ್ಲ, ನಿಜ. ಆದರೆ ಅನ್ನ ಆರಿದ ಮೇಲೆ ಅದರದ್ದೇ ಒಂದು ವಾಸನೆ ಉಳಿಯುತ್ತದೆ. ಬೆಳಗಿನ ಮಾರುಕಟ್ಟೆಯಲ್ಲಿ ಕಣ್ಣೆದುರೇ ತುರಿದು ಹಿಂಡಿಕೊಡುವ ಹಾಲೇ ಬೇಕು. ಕೇಜಿಗೆ ಹದಿನೈದು ಹದಿನಾರು ರಿಂಗಿಟ್ ಕೊಟ್ಟ ನೆನಪು. ಹಿಂದಿನ ಸಂಜೆ ತಂದು ಹೊರಗೆ ಇಟ್ಟರೆ ಇಲ್ಲಿನ ಸೆಕೆಗೆ ಬೆಳಗ್ಗೆ ಹುಳಿ ಗ್ಯಾರಂಟಿ.

ಈಗ ವಿಷಯಕ್ಕೆ ಬರೋಣ. ಬೀದಿಯಲ್ಲಿ ಒಳ್ಳೆಯ ನಾಸಿ ಲೆಮಾಕ್ ಮಾಡುವ ಎಷ್ಟೋ ಜನ ಅಕ್ಕಿಯನ್ನು ಮೊದಲು ಹಬೆಯಲ್ಲೇ ಬೇಯಿಸುತ್ತಾರೆ. ನಾನು ಮಾಡಿದ್ದೂ ಅದನ್ನೇ, ಪಾತ್ರೆ ಮಾತ್ರ ಇಲ್ಲಿನ ಲಿಟಲ್ ಇಂಡಿಯಾ ಆದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕೊಂಡ ದೊಡ್ಡ ಇಡ್ಲಿ ಪಾತ್ರೆ. ಇಡ್ಲಿ ತಟ್ಟೆ ತೆಗೆದು ತೂತಿನ ತಟ್ಟೆ ಇಟ್ಟು, ಒದ್ದೆ ಬಟ್ಟೆ ಹಾಸುತ್ತೇನೆ. ಎರಡು ಮೂರು ಗಂಟೆ ನೆನೆದ ಜಾಸ್ಮಿನ್ ಅಕ್ಕಿಯನ್ನು ಚೆನ್ನಾಗಿ ಬಸಿದು, ಒಂದು ಸಲಕ್ಕೆ ಒಂದೂವರೆ ಕೇಜಿಗಿಂತ ಜಾಸ್ತಿ ಹಾಕದೆ ಇಪ್ಪತ್ತು ನಿಮಿಷ ಹಬೆ. ಒಂದು ಕಾಳು ತೆಗೆದು ಉಗುರಿನಲ್ಲಿ ಸೀಳಿ ನೋಡಿ. ನಡುವೆ ಸಾಸಿವೆ ಮೊನೆಯಷ್ಟು ಬಿಳಿ ಉಳಿದಿರಬೇಕು. ಪೂರ್ತಿ ಬೆಂದರೆ ಕೆಲಸ ಕೆಟ್ಟಂತೆ, ಹಾಲು ಹೀರುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಒಲೆಯಲ್ಲಿ ಕಾಯಿಹಾಲು ಬಿಸಿಯಾಗಿರಬೇಕು. ಕೇಜಿ ಅಕ್ಕಿಗೆ ಅರ್ಧ ಲೀಟರ್ ದಪ್ಪ ಹಾಲು, ಕಾಲು ಲೀಟರ್ ಎರಡನೇ ಹಾಲು, ಉಪ್ಪು. ಗಂಟು ಕಟ್ಟಿದ ನಾಲ್ಕೈದು ಪಾಂಡನ್ ಎಲೆ, ಬುಡ ಜಜ್ಜಿದ ಎರಡು ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಶುಂಠಿ, ಎರಡು ಬಿಲ್ಲೆ ದುಂಪರಾಸ್ಮೆ (ಗಲಾಂಗಲ್). ಕುದಿಯಬಾರದು, ಬೆರಳು ಇಟ್ಟರೆ ಚುರ್ ಅನ್ನಬೇಕು ಅಷ್ಟೆ. ಪಾಂಡನ್ ಎಳೆ ಎಲೆಗಿಂತ ಬಲಿತ ಎಲೆಯೇ ಘಮ. ತಂದ ದಿನಕ್ಕಿಂತ ಸ್ವಲ್ಪ ಬಾಡಿದ ಮೇಲೆ ಇನ್ನೂ ಚೆನ್ನ. ಬಾಟಲಿಯ ಹಸಿರು ಎಸೆನ್ಸ್ ಮನೆಗೆ ತರಲೇಬೇಡಿ.

ಬಿಸಿ ಅನ್ನ, ಬಿಸಿ ಹಾಲು, ಅಗಲ ಪಾತ್ರೆ. ಸುರಿದ ಕೂಡಲೇ ಹಾಲೆಲ್ಲ ಕೆಳಗೆ ನಿಲ್ಲುತ್ತದೆ, ನೀರು ಜಾಸ್ತಿ ಆಯ್ತು ಅಂತ ಹೆದರಿಕೆ ಆಗುತ್ತದೆ. ಕೈ ಹಾಕದೆ ಮುಚ್ಚಿಡಿ. ಕಾಲು ಗಂಟೆ ಬಿಟ್ಟು ಪಾತ್ರೆ ಓರೆ ಮಾಡಿದರೆ ಒಂದು ಹನಿಯೂ ಹರಿಯುವುದಿಲ್ಲ. ಆಗ ಎಲೆ, ಹುಲ್ಲು ಸಮೇತ ಮತ್ತೆ ಹದಿನೈದು ನಿಮಿಷ ಹಬೆಗೆ. ಕೆಳಗಿನ ನೀರಿಗೂ ಒಂದೆರಡು ಗಂಟು ಪಾಂಡನ್. ಅದೇ ನೀರಿಗೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಅಕ್ಕಿಯ ಪಾಠ ಕಲಿಸಿದ್ದು 2023. ಆ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ನಮಗೆ ಸೋನಾ ಮಸೂರಿ ಸಿಗುವುದು ಕಷ್ಟವಾಯಿತು. ಕೆಲವೇ ವಾರದಲ್ಲಿ ಇಲ್ಲಿನ ಲೋಕಲ್ ಅಕ್ಕಿ, ಅದೇ ಹತ್ತು ಕೇಜಿಗೆ 26 ರಿಂಗಿಟ್ ಚೀಲ, ಅಂಗಡಿಗಳಿಂದ ಮಾಯ. ಸಿಕ್ಕಿದ್ದೆಲ್ಲ ಹಬೆಯಲ್ಲಿಟ್ಟು ನೋಡಿದೆ. ಸೋನಾ ಮಸೂರಿ ಎರಡನೇ ಹಬೆಗೆ ಮೆತ್ತಗಾಗುತ್ತದೆ. ಬಾಸ್ಮತಿ ಉದುರಾಗಿ ಬರುತ್ತದೆ, ಆದರೆ ಹಾಲು ಮೈಗೆ ಹತ್ತುವುದಿಲ್ಲ. ಲೋಕಲ್ ಅಕ್ಕಿ ಪರವಾಗಿಲ್ಲ. ಜಾಸ್ಮಿನ್ ದುಬಾರಿ, ಆದರೂ ಅದೇ.

ಜೊತೆಗಿಡುವ ಖಾರದ ಗೊಜ್ಜು, ಸಾಂಬಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಒಣ ಮೀನೂ ಇಲ್ಲ, ಬೆಲಾಚಾನೂ (ಸೀಗಡಿ ಪೇಸ್ಟ್) ಇಲ್ಲ. ಬೇಯಿಸಿ ರುಬ್ಬಿದ ಒಣ ಮೆಣಸಿನಕಾಯಿ, ಸಣ್ಣ ಈರುಳ್ಳಿ, ಹುಣಸೆ, ತೆಂಗಿನ ಬೆಲ್ಲ. ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಬೆಲಾಚಾನ್ ಬದಲಿಗೆ ಏನು ಹಾಕಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಮೀನಿನ ಜಾಗಕ್ಕೆ ಹುರಿದ ತೆಂಪೆ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆ. ನಮ್ಮ ಬೀದಿ ತುದಿಯಲ್ಲಿ ನಾಸಿ ಲೆಮಾಕ್ ಮಾರುವ ಮಚಿಕ್‌ಗೆ (ಮಲಯ್ ಆಂಟಿಗೆ) ಒಂದು ಪೊಟ್ಟಣ ಕೊಟ್ಟೆ. ಅನ್ನಕ್ಕೆ ತಲೆಯಾಡಿಸಿದರು, ಸಾಂಬಾಲ್ ಪಕ್ಕಕ್ಕೆ ತಳ್ಳಿದರು. ಅನ್ನಕ್ಕೆ ಅವರ ಸರ್ಟಿಫಿಕೇಟ್ ಸಿಕ್ಕಿತಲ್ವಾ, ಸಾಕು.

ಖರ್ಚು ಹೀಗೆ: ಐದು ಕೇಜಿ ಅಕ್ಕಿ, ಹಾಲು, ಕಡಲೆಕಾಯಿ, ಸೌತೆಕಾಯಿ, ತೆಂಪೆ, ಬಾಳೆಎಲೆ ಎಲ್ಲ ಸೇರಿ 180 ರಿಂಗಿಟ್ ಆಸುಪಾಸು. ಪೊಟ್ಟಣಕ್ಕೆ ಮೂರು ಬಿತ್ತು, ಗ್ಯಾಸ್ ಬಿಟ್ಟು. ಬಾಳೆಎಲೆ ಬಾಡಿಸದೆ ಕಟ್ಟಿದರೆ ಸೀಳುತ್ತದೆ, ಅದು ನಿಮಗೆ ಗೊತ್ತೇ ಇದೆ. ಆದರೆ ಹೊಗೆಯಾಡುವ ಅನ್ನ ಕಟ್ಟಬೇಡಿ, ಒಳಗೆ ಬೆವರಿ ಮಧ್ಯಾಹ್ನಕ್ಕೇ ಹಳಸುತ್ತದೆ.

ನಡುವೆ ಸುಮ್ನೆ ಒಂದು ಪಾತ್ರೆಗೆ ಶಂಖಪುಷ್ಪದ ನೀರು ಹಾಕಿ, ಮಲೇಷ್ಯಾದ ಕೆಲಾಂತಾನ್ ರಾಜ್ಯದ ನಾಸಿ ಕೆರಾಬು ಥರ ನೀಲಿ ಅನ್ನ ಮಾಡಿದೆ. ಮಕ್ಕಳು ನಿಂಬೆರಸ ಹಿಂಡಿ ಅದನ್ನು ನೇರಳೆ ಮಾಡಿ ಆಟವಾಡಿದರು, ತಿಂದವರು ಕಡಿಮೆ. ನಾಸಿ ದಾಗಾಂಗ್ ಅನ್ನುವ ಇನ್ನೊಂದು ಕಾಯಿಹಾಲಿನ ಅನ್ನ ಕೂಡ ಅರ್ಧ ಕೇಜಿಯಲ್ಲಿ ಮಾಡಿ ನೋಡಿದ್ದೇನೆ. ಅದಕ್ಕೂ ಇದೇ ಎರಡು ಹಬೆ, ಜೊತೆಗೆ ಮೆಂತ್ಯ. ಕೇಜಿಗೆ ಒಂದು ಚಮಚ ದಾಟಿದರೆ ಕಹಿ. ಪಕ್ಕದ ತೆರೆಂಗಾನು ರಾಜ್ಯದ ಕಡೆಯ ಅಕ್ಕಿ ಸಿಕ್ಕರೆ ಯುಗಾದಿಗೆ ಅದೇ ಮಾಡುತ್ತೇನೆ. ಇಡ್ಲಿ ಪಾತ್ರೆ ಇನ್ನೊಂದು ಬೇಕು, ಇದ್ದವರು ತನ್ನಿ.