ಬಳ್ಳಾರಿ ಬಿಸಿಲಲ್ಲಿ ಹದಿನೈದು ದಾಟಿದ ನನ್ನ 325ಐ

ಮೊನ್ನೆ ಆರ್‌ಸಿ ನವೀಕರಣ ಮುಗಿಯಿತು. 2010ರ ಬಿಎಂಡಬ್ಲ್ಯು 325ಐ, ಇನ್ನೈದು ವರ್ಷ ರಸ್ತೆ ಮೇಲೆ ಇರಬಹುದು. ಫೀಸು 5,000, ಅದರ ಮೇಲೆ ಹಸಿರು ತೆರಿಗೆ. "ಆರು ತಿಂಗಳಿಗೆ ಗುಜರಿಗೆ ಹಾಕ್ತೀಯ ನೋಡು" ಅಂದಿದ್ದ ಕೌಲ್ ಬಜಾರ್ ಗೆಳೆಯರಿಗೆ ಅವತ್ತೇ ಒಗ್ಗರಣೆ ಮಿರ್ಚಿ ಕೊಡಿಸಿದೆ. ಚೆನ್ನಾಗಿ ತಿಂದರು. ಆಡಿದ ಮಾತು ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ.

ಗಣಿ ಜೋರಿದ್ದಾಗ ನಮ್ಮೂರಿಗೆ ಎಂಥೆಂಥ ಗಾಡಿ ಬಂದವು ಅಂತ ನಿಮಗೆ ಗೊತ್ತೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಶೆಡ್ ಸೇರಿದ ಗಾಡಿ ಇದು. 2019ರಲ್ಲಿ ನನ್ನ ಕೈಗೆ ಬಂತು. ಮೀಟರ್‌ನಲ್ಲಿ 58,000 ಚಿಲ್ಲರೆ, ಕೊಟ್ಟಿದ್ದು ನಾಲ್ಕೂಮುಕ್ಕಾಲು ಲಕ್ಷ. ಕಡಿಮೆ ಓಡಿದೆ ಅಂತ ಹಿಗ್ಗಿದ್ದೆ. ಅದೇ ತಪ್ಪು. ನಿಂತ ಗಾಡಿಯಲ್ಲಿ ರಬ್ಬರೆಲ್ಲ ಒಣಗಿ ಹಪ್ಪಳ ಆಗಿರುತ್ತೆ.

ಮೊದಲ ವರ್ಷ ಎರಡೂಕಾಲು ಲಕ್ಷದ ಹತ್ತಿರ ಸುರಿದೆ. ಅರ್ಧ ದುಡ್ಡು ನನ್ನ ಜಿಪುಣತನಕ್ಕೇ ಹೋಯಿತು. ಎಂಜಿನ್ ತಣ್ಣಗಿಡೋಕೆ ನೀರು ಓಡಿಸುವ ವಾಟರ್ ಪಂಪ್ ಕರೆಂಟಿನದ್ದು, ಹೋಗುವ ಮುಂಚೆ ಸದ್ದಿಲ್ಲ, ಸೋರಿಕೆಯಿಲ್ಲ. ಮೇ ತಿಂಗಳು, ಜೀನ್ಸ್ ಸ್ಯಾಂಪಲ್ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಚಳ್ಳಕೆರೆ ಹತ್ತಿರ ಕೆಂಪು ದೀಪ ಬಂತು. ಗಾಡಿ ಟ್ರಕ್ ಮೇಲೆ, ನಾನು ಟ್ರಕ್ ಡ್ರೈವರ್ ಪಕ್ಕ. ಅಸಲಿ ಪಂಪ್ ಮೂವತ್ತೈದು ಸಾವಿರದ ಮೇಲೆ ಅಂದರು. ಹನ್ನೆರಡು ಸಾವಿರಕ್ಕೆ ಯಾವುದೋ ಹೆಸರಿಲ್ಲದ ಪಂಪ್ ಹಾಕಿಸಿದೆ. ಏಳು ತಿಂಗಳು ಬಾಳಿತು.

ಎರಡನೇ ಸಲ ನಾನೇ ಗಾಡಿ ಕೆಳಗೆ ಮಲಗಿದೆ. ಪಂಪ್ ಹಿಡಿದಿಡುವ ಅಲ್ಯೂಮಿನಿಯಂ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು ಅಂತ ಓದಿದ್ದೆ. ಓದಿಯೂ ಹಳೆಯದನ್ನೇ ತಿರುಗಿಸಿದೆ. ಒಂದು ತುಂಡಾಗಿ ಎಂಜಿನ್ ಬ್ಲಾಕ್‌ನಲ್ಲೇ ಉಳಿಯಿತು. ಮೆಗ್ನೀಷಿಯಂ ಬ್ಲಾಕ್, ಡ್ರಿಲ್ ಹಿಡಿಯೋಕೆ ಕೈ ನಡುಗುತ್ತೆ. ಎರಡು ದಿನ ಒದ್ದಾಡಿ ಬೋಲ್ಟ್ ತೂತಿನ ಥ್ರೆಡ್ ಕೆಡದ ಹಾಗೆ ಹೊರಗೆ ತೆಗೆದೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಬಳ್ಳಾರಿಗೆ ಬಂದರೆ ತೋರಿಸ್ತೀನಿ. ಈ ಸಲ ಹಾಕಿದ್ದು ಪಿಯರ್‌ಬರ್ಗ್ ಕಂಪನಿಯ ಪಂಪ್, ಜೊತೆಗೇ ಹೊಸ ಥರ್ಮೋಸ್ಟಾಟ್. ಆಮೇಲೆ ಕೂಲೆಂಟ್ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಬೇಕು, ಅದು ಹೀಗೆ: ಇಗ್ನಿಷನ್ ಆನ್, ಹೀಟರ್ ಫುಲ್, ಫ್ಯಾನ್ ಕನಿಷ್ಠ, ಹತ್ತು ಸೆಕೆಂಡ್ ಆಕ್ಸಿಲರೇಟರ್ ಒತ್ತಿ ಹಿಡಿಯೋದು. ಪಂಪ್ ತಾನೇ ಹನ್ನೆರಡು ನಿಮಿಷ ಓಡುತ್ತೆ. ನಾನು ಎರಡು ಸಲ ಓಡಿಸ್ತೀನಿ, ಆ ಹೊತ್ತಿಗೆ ಬ್ಯಾಟರಿಗೆ ಚಾರ್ಜರ್ ಹಾಕಿರ್ತೀನಿ.

ಗೇರ್‌ಬಾಕ್ಸ್ ಕಥೆ ಬೇರೆ. "ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ ಸಾರ್" ಅಂತ ಒಂದು ವರ್ಕ್‌ಶಾಪ್‌ನವರು ಹೆದರಿಸಿದ್ದರು. ಯಾರ ಲೈಫು ಅಂತ ಹೇಳಲಿಲ್ಲ. ಗೇರ್‌ಬಾಕ್ಸ್ ಮಾಡುವ ಜ಼ಡ್‌ಎಫ್ ಕಂಪನಿಯೇ ಬದಲಿಸಿ ಅನ್ನುತ್ತೆ. 90,000 ಕಿಲೋಮೀಟರ್ ದಾಟಿದಾಗ ಬಿಚ್ಚಿದೆ, ಡಿಕಾಕ್ಷನ್ ಥರ ಕಪ್ಪು ಎಣ್ಣೆ ಬಂತು. ಆದರೆ ಬಿಚ್ಚಿದ್ದು ಮೇ ತಿಂಗಳಲ್ಲಿ. ಎಣ್ಣೆ 30ರಿಂದ 50 ಡಿಗ್ರಿ ಒಳಗಿದ್ದಾಗ ಲೆವೆಲ್ ನೋಡಬೇಕು. ನಮ್ಮೂರಲ್ಲಿ ಮೇ ಮಧ್ಯಾಹ್ನ ಡಬ್ಬದಲ್ಲಿರುವ ಎಣ್ಣೆಯೇ 40 ಇರುತ್ತೆ, ಅಲ್ವಾ? ಎಂಜಿನ್ ಹಚ್ಚಿ ಕೆಳಗೆ ತೂರುವಷ್ಟರಲ್ಲಿ 50 ದಾಟಿತ್ತು. ಬಿಸಿಗೆ ಹಿಗ್ಗಿದ ಎಣ್ಣೆ ತುಂಬಿದ ಹಾಗೆ ಕಂಡು ಅರ್ಧ ಲೀಟರ್ ಕಡಿಮೆ ಬಿದ್ದು, ಎರಡನೇ ಗೇರ್‌ನಿಂದ ಮೂರಕ್ಕೆ ಹೋಗುವಾಗ ಗುದ್ದೋಕೆ ಶುರುವಾಯಿತು. ಡಿಸೆಂಬರ್‌ವರೆಗೆ ಮೆಲ್ಲಗೆ ಓಡಿಸಿ, ಒಂದು ದಿನ ಬೆಳಗಿನ ಐದಕ್ಕೆ ಎದ್ದು ಮತ್ತೆ ತುಂಬಿಸಿದೆ. ಈಗ ಬೆಣ್ಣೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ತೋರಣಗಲ್ಲು ಕಡೆ ಅದಿರಿನ ಲಾರಿ ಹಿಂದೆ ಹೋದರೆ ಎಸಿ ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ರೇಡಿಯೇಟರ್‌ಗೆ ಧೂಳು ಹೋಗದಿರಲಿ ಅಂತ ಮುಂದೆ ಸೊಳ್ಳೆ ಪರದೆ ಕಟ್ಟಿದೆ. ಧೂಳು ನಿಂತಿತು, ಗಾಳಿಯೂ ನಿಂತಿತು. ಊರೊಳಗೆ ಫ್ಯಾನ್ ವಿಮಾನದ ಹಾಗೆ ಕೂಗತೊಡಗಿತು. ವಾರಕ್ಕೇ ಕಿತ್ತು ಬಿಸಾಕಿದೆ. ಈಗ ಮೂರು ತಿಂಗಳಿಗೊಮ್ಮೆ ಎಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣಗೆ ನೀರು ಹಾಯಿಸ್ತೀನಿ, ಅಷ್ಟೇ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ರನ್‌ಫ್ಲಾಟ್ ಟೈರ್ ತೆಗೆದು ಮಾಮೂಲಿ ಟೈರ್ ಹಾಕಿದ್ದು ಮಾತ್ರ ಗೆದ್ದಿತು. ದುಡ್ಡೂ ಉಳಿಯಿತು, ಸೊಂಟವೂ ಉಳಿಯಿತು. ಸ್ಟೆಪ್ನಿ ಇಲ್ಲದ ಗಾಡಿ, ಹಾಗಾಗಿ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಇದೆ.

ಇಷ್ಟಾದ ಮೇಲೆ ನನ್ನ ಪದ್ಧತಿ ಒಂದೇ. ಕೆಡೋವರೆಗೆ ಕಾಯಲ್ಲ. ಪಂಪ್ 60,000 ಕಿಲೋಮೀಟರ್‌ಗೆ, ಚೆನ್ನಾಗಿದ್ದರೂ ಸರಿ, ತೆಗೀತೀನಿ. ಎಂಜಿನ್ ಆಯಿಲ್ 8,000 ಕಿಲೋಮೀಟರ್‌ಗೆ, ಆರೂವರೆ ಲೀಟರ್. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಕೆಲವೇ ನೂರು ರೂಪಾಯಿದು, ಆದರೆ ಅದು ಸೋರಿ ಬೆಲ್ಟ್‌ಗೆ ಎಣ್ಣೆ ತಾಗಿ ಬೆಲ್ಟ್ ಜಾರಿದರೆ ಎಂಜಿನ್‌ಗೇ ಕುತ್ತು. ಅದನ್ನೂ ವಾಲ್ವ್ ಕವರ್ ಗ್ಯಾಸ್ಕೆಟ್ಟನ್ನೂ ಒಂದೇ ಭಾನುವಾರ ಮುಗಿಸಿದೆ. ನಮ್ಮ ಜೀನ್ಸ್ ವಾಷಿಂಗ್ ಯೂನಿಟ್ ಹುಡುಗ ಟಾರ್ಚ್ ಹಿಡಿದ. ಪಾರ್ಟ್ಸ್ ಕೊಡುವವರ ಹೆಸರು ಕೇಳಬೇಡಿ, ನೀವೆಲ್ಲ ಹೋದರೆ ನನಗೆ ರೇಟ್ ಏರುತ್ತೆ.

ಲೆಕ್ಕದ ಪುಸ್ತಕ ಈಗ ಕೈಗೆ ಸಿಗ್ತಿಲ್ಲ, ನೆನಪಿನಿಂದ ಹೇಳೋದಾದರೆ ಕಳೆದ ನಾಲ್ಕು ವರ್ಷ, ಪೆಟ್ರೋಲ್ ಬಿಟ್ಟು, ವರ್ಷಕ್ಕೆ ಐವತ್ತರಿಂದ ಅರವತ್ತು ಸಾವಿರ. ಟೈರ್ ಹಾಕಿದ ವರ್ಷ ತೊಂಬತ್ತು. ಊರೊಳಗೆ ಲೀಟರ್‌ಗೆ ಎಂಟು ಕೊಡುತ್ತೆ, ಹೈವೇಯಲ್ಲಿ ಹನ್ನೆರಡು.

ಮೀಟರ್ ಈಗ 1.32 ಲಕ್ಷ. ಪಂಪ್‌ಗೆ ಇನ್ನು ನಾಲ್ಕೈದು ಸಾವಿರ ಕಿಲೋಮೀಟರ್ ಬಾಕಿ. ಹೊಸದು ಆಗಲೇ ಬಂದು ಗೋದಾಮಿನಲ್ಲಿ ಜೀನ್ಸ್ ಬಂಡಲ್‌ಗಳ ಪಕ್ಕ ಕೂತಿದೆ. ಈ ಸಲ ಬೋಲ್ಟೂ ಹೊಸದೇ.