ಕೆರೆ ಉಳಿಸಲು ಸಂಘ ಕಟ್ಟುತ್ತೀರಾ? ಮೊದಲು ಪಹಣಿ ತೆಗೆಸಿ

ನಮ್ಮ ವಿಜಯಪುರ ಕಡೆ ನಾನು ಕಂಡ ಪರಿಸರ ಸಂಘಗಳು ಹೆಚ್ಚಾಗಿ ಜೂನ್ 5ಕ್ಕೆ ಹುಟ್ಟಿ ದಸರೆಯೊಳಗೆ ಕಣ್ಣು ಮುಚ್ಚಿವೆ. ಒಂದರಲ್ಲಿ ನಾನೂ ಇದ್ದೆ. ಟೋಪಿ, ಟೀ ಶರ್ಟು, ಫ್ಲೆಕ್ಸಿಗೆ ವಂತಿಗೆ ಖಾಲಿಯಾಯಿತು. ಕೆರೆ ಯಾವ ಇಲಾಖೆಯದೆಂದು ಯಾರೂ ಕೇಳಿರಲಿಲ್ಲ.

ನೋಂದಣಿ ದೊಡ್ಡ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ವಯಸ್ಕರು 7 ಜನ ಇದ್ದರೆ ಸಾಕು. ಝೆರಾಕ್ಸ್ ಅಂಗಡಿಯ ರೆಡಿಮೇಡ್ ಬೈಲಾ ಮಾತ್ರ ಬೇಡ. ಅದರಲ್ಲಿ ಕೆರೆಯ ಜೊತೆ ಕುಸ್ತಿ, ಭಜನೆ, ಹೊಲಿಗೆ ತರಬೇತಿ ಎಲ್ಲ ಇರುತ್ತದೆ. ಉದ್ದೇಶ ನಾಲ್ಕು ಸಾಲು, ನಿಮ್ಮದೇ ಮಾತಿನಲ್ಲಿ ಇರಲಿ.

ಎಲ್ಲರೂ ಎಡವುವುದು ಇಲಾಖೆಗಳನ್ನು ಕೂಡಿಸುವಲ್ಲಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರಿನೊಳಗಿದ್ದರೆ ಆ ಕೆರೆ ಪಂಚಾಯತ್ ರಾಜ್ ಕಡೆಗೆ, ಅದರ ಮೇಲೆ 2000 ಹೆಕ್ಟೇರ್ ತನಕದ್ದು ಸಣ್ಣ ನೀರಾವರಿ ಇಲಾಖೆಗೆ. ಸರ್ವೆ ನಂಬರ್ ಹಿಡಿದು ಪಹಣಿ, ಗ್ರಾಮ ನಕಾಶೆ ತೆಗೆಸಿ. ಒತ್ತುವರಿಯ ಗುಮಾನಿ ಇದ್ದರೆ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಲು, ತಹಶೀಲ್ದಾರರಿಗೆ ಬರೆಯಿರಿ. ಇಷ್ಟಿಲ್ಲದೆ ಹೋದರೆ ಪ್ರತಿ ಟೇಬಲ್ಲಿನಲ್ಲೂ ಒಂದೇ ಉತ್ತರ: 'ಅದು ನಮ್ಮ ವ್ಯಾಪ್ತಿಗೆ ಬರಂಗಿಲ್ರಿ.'

ಮನವಿ ಒಂದೇ ಇರಲಿ, ಬೇಡಿಕೆಯೂ ಒಂದೇ. 'ಕೆರೆ ಅಭಿವೃದ್ಧಿಪಡಿಸಿ' ಎಂದು ಬರೆದರೆ ಫೈಲು ಮಲಗುತ್ತದೆ. 'ಹಳ್ಳದಿಂದ ಕೆರೆಗೆ ಬರುವ ಕಾಲುವೆಯ ಹೂಳು ತೆಗೆಸಿ' ಎಂದು ಬರೆಯಿರಿ. ಸಂಬಂಧಪಟ್ಟ ಎಲ್ಲ ಕಚೇರಿಗಳ ಹೆಸರನ್ನೂ ಆ ಹಾಳೆಯ ಕೆಳಗೇ ಹಾಕಿ, ಪ್ರತಿ ಕೊಟ್ಟಲ್ಲೆಲ್ಲ ಆ ಕಚೇರಿಯ ಟಪಾಲು ವಿಭಾಗದವರಿಂದ ಮುದ್ರೆ, ನಂಬರ್ ಪಡೆಯಿರಿ. ವಾಟ್ಸಾಪಿನಲ್ಲಿ ಸಾಹೇಬರಿಗೆ ಕಳಿಸಿದ ಫೋಟೊ ಅರ್ಜಿಯಲ್ಲ.

ಸಭೆಯನ್ನು ಕೆರೆ ಒಡ್ಡಿನ ಮೇಲೆಯೇ ಕರೆಯಿರಿ, ಬೆಳಿಗ್ಗೆ 8ಕ್ಕೆ. ಪಿಡಿಒ, ಎಂಜಿನಿಯರ್ ಜೊತೆಗೆ ಕುರಿ ಮೇಯಿಸುವವರು, ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಮೀನು ಹಿಡಿಯುವವರೂ ಇರಬೇಕು. ನಮ್ಮಲ್ಲಿ ಮುಚ್ಚಿಹೋದ ತೂಬನ್ನು (ಕೆರೆ ನೀರು ಹೊರಬಿಡುವ ಕಿಂಡಿ) ನಕಾಶೆ ನೋಡಿದವರು ಹುಡುಕಲಿಲ್ಲ. ಕುರಿಗಾರ ಅಜ್ಜ ಕೋಲು ಊರಿ 'ಇಲ್ಲೇ ಐತಿ ನೋಡ್ರಿ' ಅಂದ. ಚಹಾ ಬರುವ ಮುಂಚೆ ನಡಾವಳಿ ಬರೆದು ಸಹಿ ಹಾಕಿಸಿ. ಚಹಾ ಕುಡಿದ ಮೇಲೆ ಯಾರೂ ನಿಲ್ಲುವುದಿಲ್ಲ.

ಶಾಲೆಯಲ್ಲಿ ಭಾಷಣ ಬೇಡ. ಬಿಳಿ ತಟ್ಟೆಗೆ ಕಲ್ಲು ಕಟ್ಟಿ ಹಗ್ಗದಿಂದ ನೀರಿಗಿಳಿಸಿ. ಎಷ್ಟು ಆಳದಲ್ಲಿ ಮಾಯವಾಗುತ್ತದೆ ಎಂದು ಮಕ್ಕಳು ತಿಂಗಳಿಗೊಮ್ಮೆ ಬರೆದಿಡಲಿ. ನೀರು ರಾಡಿಯಾದಷ್ಟೂ ತಟ್ಟೆ ಬೇಗ ಕಾಣದಾಗುತ್ತದೆ. ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಸಸಿ ನೆಡುವವರಿಗೊಂದು ಮಾತು: ಒಡ್ಡಿನ ಮೇಲೆ ಮರ ಬೆಳೆಸಬೇಡಿ, ಬೇರು ಒಣಗಿದ ಜಾಗದಲ್ಲಿ ನೀರು ಜಿನುಗುತ್ತದೆ. ಹೊಂಗೆ, ಬೇವು ಒಡ್ಡಿನಿಂದ ದೂರ ಇರಲಿ.

ಪ್ರತಿ ವರ್ಷ ಸಾಮಾನ್ಯ ಸಭೆ ಮಾಡಿ, ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಿ. ಫ್ಲೆಕ್ಸ್ ಬೇಕೇ ಬೇಕೆಂದರೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಹಾಕಿಸಿ.